ಕಾಯಕದ ಫಲವೂ ಸಾಲದ ಅನ್ನವೂ

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಹೇಳಿದ ಸಂಗತಿ ಭಕ್ತರೆಲ್ಲರೂ ಬಲ್ಲುದೇ. ಹಾಗಾದರೆ ಹೊಸದಾಗಿ ಸಂಬಳ ಕಂಡ ತರುಣನು ಹಣ ಕೂಡಿಡುವುದು ದೋಷವೇ? ಹಾಗೆನ್ನಲಾಗದು. ಲಕ್ಕಮ್ಮನವರು ಖಂಡಿಸಿದ್ದು ಅಕ್ಕಿಯನ್ನು ಹೆಚ್ಚಿಸಿದ ಆಸೆಯನ್ನು. ಮನೆಬಾಡಿಗೆಗೆ, ತಾಯಿತಂದೆಗಳ ಔಷಧೋಪಚಾರಕ್ಕೆ ತೆಗೆದಿರಿಸಿದ ಹಣವು ಪರರ ಮುಂದೆ ಕೈಯೊಡ್ಡದಂತೆ ಕಾಯುತ್ತದೆ. ಕ್ರೆಡಿಟ್ ಕಾರ್ಡಿನ ಸಾಲದ ಮಾತು ಬೇರೆ. ಇನ್ನೂ ಮಾಡದ ಕಾಯಕದ ಫಲವನ್ನು ಅದು ಇಂದೇ ಉಣಿಸುತ್ತದೆ. ತಿಂಗಳಿಗೆ ನೂರಕ್ಕೆ 3ರಂತೆ ಚಕ್ರಬಡ್ಡಿ ಬೆಳೆದರೆ 10,000 ರೂಪಾಯಿಯ ಬಾಕಿಯು ವರ್ಷದೊಳಗೆ 14,257 ರೂಪಾಯಿಗಳನ್ನು ದಾಟುವುದು. ಬಡ್ಡಿಯೇ ಮೊದಲು ಉಣ್ಣುವ ಮನೆಯಲ್ಲಿ ಜಂಗಮಕ್ಕೆ ಉಳಿಯುವುದೇನು? ಇಂಥ ಬಾಕಿಯುಳ್ಳವನು ಕೂಡಿಡುವುದಕ್ಕೆ ಮುನ್ನ ಅದನ್ನು ತೀರಿಸತಕ್ಕದ್ದು. ದಾಸೋಹದ ಪಾಲನ್ನು ಮಾತ್ರ, ಹಿಡಿಯಷ್ಟಾದರೂ, ಆಗಲೂ ನಿಲ್ಲಿಸಲಾಗದು.