ಅಹಿಂಸೆಯ ತಾಲೀಮು

1962ರ ಸೆಪ್ಟೆಂಬರ್ 28. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಸಂಘಟನೆಯ ಸಮಾವೇಶದ ಕೊನೆಯ ಮಾತುಗಳನ್ನಾಡುತ್ತಿದ್ದರು. ಸಭಿಕರ ನಡುವಿನಿಂದ ಎದ್ದ 24 ವರ್ಷದ ಬಿಳಿಯ ಯುವಕನೊಬ್ಬ ಸೀದಾ ವೇದಿಕೆ ಹತ್ತಿ ಅವರ ಮುಖಕ್ಕೆ ಗುದ್ದಿದ. ಅವನು ಅಮೆರಿಕನ್ ನಾತ್ಸಿ ಪಕ್ಷದವನು. ಒಂದು ಪೆಟ್ಟಿಗೆ ನಿಲ್ಲಲಿಲ್ಲ, ಮತ್ತೆ ಮತ್ತೆ ಹೊಡೆದ. ಕಿಂಗ್ ಅವನ ಕಡೆಗೇ ತಿರುಗಿ ನಿಂತರು. ಎರಡೂ ಕೈಗಳನ್ನು ಕೆಳಗೆ ಇಳಿಬಿಟ್ಟರು. ಅಲ್ಲೇ ಇದ್ದ ಹಿರಿಯ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ಅವರಿಗೆ ಆ ಕೈಗಳು ಆಗತಾನೆ ಹುಟ್ಟಿದ ಕೂಸಿನ ಕೈಗಳಂತೆ ಕಂಡವಂತೆ. ಜನ ನುಗ್ಗಿ ಬಂದಾಗ, ಅವನನ್ನು ಯಾರೂ ಮುಟ್ಟಬಾರದು, ಅವನಿಗಾಗಿ ಪ್ರಾರ್ಥಿಸಬೇಕು ಎಂದು ಕಿಂಗ್ ತಡೆದರು. ಆಮೇಲೆ ಅವನ ಜೊತೆ ಮಾತಾಡಿದರು. ದೂರು ಕೊಡಲು ಒಪ್ಪಲಿಲ್ಲ. ಸಭೆಯಲ್ಲಿದ್ದ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಬಂದು ಕಿಂಗ್ ಅವರಿಗೆ ಎರಡು ಆಸ್ಪಿರಿನ್ ಮಾತ್ರೆ ಮತ್ತು ಒಂದು ಕೋಕಾ ಕೋಲಾ ತಂದುಕೊಟ್ಟರು.

ಕಿಂಗ್ ಅವರ ಭಾಷಣಗಳನ್ನು ಲೋಕ ಕೊಂಡಾಡುತ್ತದೆ, ನಾನೂ ಕೊಂಡಾಡುತ್ತೇನೆ. ಆದರೆ ನನ್ನನ್ನು ತಡೆದು ನಿಲ್ಲಿಸುವುದು ಆ ಇಳಿದ ಕೈಗಳು. ಪೆಟ್ಟು ಬೀಳುವಾಗ ಕೈ ಎತ್ತುವುದು ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಬುದ್ಧಿಗೆ ಎಚ್ಚರವಾಗುವ ಮೊದಲೇ ಮೈ ತನ್ನ ಕೆಲಸ ಮುಗಿಸಿರುತ್ತದೆ. ಭಾಷಣವನ್ನು ಹಿಂದಿನ ರಾತ್ರಿ ಕೂತು ಬರೆಯಬಹುದು, ತಿದ್ದಬಹುದು. ಮುಖದ ಮೇಲೆ ಗುದ್ದು ಬೀಳುವ ಕ್ಷಣದಲ್ಲಿ ತಿದ್ದಲು ಸಮಯವೆಲ್ಲಿದೆ? ಆ ಕೈಗಳನ್ನು ಅಷ್ಟು ಆಳದಲ್ಲಿ ಪಳಗಿಸಿದ್ದು ಯಾವುದು?

ಹುಟ್ಟು ಸಂತ ಎಂದುಬಿಡುವುದು ಸುಲಭ. ಆದರೆ ಅದಕ್ಕೆ ಆರು ವರ್ಷ ಹಿಂದೆ ಅದೇ ಕಿಂಗ್ ಮನೆಯಲ್ಲಿ ಬಂದೂಕು ಇತ್ತು. 1956ರ ಜನವರಿ 30ರ ರಾತ್ರಿ ಅದೇ ರಾಜ್ಯದ ಮಾಂಟ್‌ಗೊಮೆರಿಯಲ್ಲಿದ್ದ ಅವರ ಮನೆಯ ಜಗಲಿಗೆ ಯಾರೋ ಬಾಂಬ್ ಎಸೆದರು. ಒಳಗೆ ಹೆಂಡತಿ ಕೊರೆಟ್ಟಾ, ಎಳೆಗೂಸು ಯೊಲಾಂಡಾ. ಸಭೆಯಿಂದ ಓಡೋಡಿ ಬಂದ ಕಿಂಗ್‌ಗೆ ಮನೆಮುಂದೆ ಕಂಡದ್ದು ಕೈಗೆ ಸಿಕ್ಕ ಆಯುಧ ಹಿಡಿದು ಕುದಿಯುತ್ತಿದ್ದ ತಮ್ಮದೇ ಜನ. ಆಗ ಅವರಿಗೆ 27 ವರ್ಷ. ಒಡೆದ ಜಗಲಿಯ ಮೇಲೆ ನಿಂತು, ಆಯುಧ ಬಿಟ್ಟು ಮನೆಗೆ ಹೋಗಿ ಎಂದು ಕೇಳಿಕೊಂಡರು. ಜನ ಹೋದರು. ಆದರೂ ಬಂದೂಕಿನ ಪರವಾನಗಿಗೆ ಅವರು ಅರ್ಜಿ ಹಾಕಿದ್ದುಂಟು, ಅಧಿಕಾರಿಗಳು ಕೊಡಲಿಲ್ಲ. ಫೆಬ್ರವರಿಯಲ್ಲಿ ಅಹಿಂಸಾ ಹೋರಾಟದಲ್ಲಿ ನುರಿತ ಬೇಯಾರ್ಡ್ ರಸ್ಟಿನ್ ಕಿಂಗ್ ಮನೆಗೆ ಬಂದಾಗ ಕುರ್ಚಿಯ ಮೇಲೆ ಬಂದೂಕು ಬಿದ್ದಿತ್ತು. ಆಮೇಲಿನ ದಿನಗಳಲ್ಲಿ ಬಂದೂಕುಗಳು ಮನೆಯಿಂದ ಹೊರಟವು. ಈ ಸಂಗತಿ ತಿಳಿದಾಗ ನನಗೆ ಅವರ ಮೇಲಿನ ಗೌರವ ಹೆಚ್ಚಿತು. ಮಗುವಿನ ತೊಟ್ಟಿಲಿರುವ ಮನೆಗೆ ಬಾಂಬ್ ಬಿದ್ದ ಮೇಲೂ ಭಯಪಡದವನನ್ನು ನಾನು ಪೂಜಿಸಬಲ್ಲೆ, ಅವನಿಂದ ಏನನ್ನೂ ಕಲಿಯಲಾರೆ.

ಕಲಿಕೆ ನಿಜವಾಗಿ ನಡೆದದ್ದು ಚರ್ಚುಗಳ ಒಳಗೆ, ನಾಟಕದ ತಾಲೀಮಿನ ರೂಪದಲ್ಲಿ. ಬಸ್ಸಿನಲ್ಲಿನ ವರ್ಣಭೇದವನ್ನು ಪ್ರತಿಭಟಿಸಿ ಮಾಂಟ್‌ಗೊಮೆರಿಯ ಕಪ್ಪು ಜನ 381 ದಿನ ಬಸ್ ಹತ್ತದೆ ನಡೆದರು. ಬಸ್ಸಿನಲ್ಲಿ ಬಣ್ಣದ ಮೇಲೆ ಸೀಟು ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ 1956ರ ನವೆಂಬರ್‌ನಲ್ಲಿ ಎತ್ತಿಹಿಡಿಯಿತು. ಇನ್ನು ಅದೇ ಬಸ್ಸಿನಲ್ಲಿ ಬಿಳಿಯರ ಪಕ್ಕ ಕೂರಬೇಕು. ಗೆದ್ದ ಗರ್ವ ತೋರಿಸದೆ, ಬೈದರೆ ಬೈಯದೆ, ತಳ್ಳಿದರೆ ತಳ್ಳದೆ ಕೂರುವುದು ಹೇಗೆ? ಚರ್ಚಿನ ವೇದಿಕೆಯ ಮುಂದೆ ಕುರ್ಚಿಗಳನ್ನು ಬಸ್ಸಿನ ಸೀಟುಗಳಂತೆ ಸಾಲಾಗಿ ಇಟ್ಟರು. ಮುಂದೆ ಡ್ರೈವರ್. ಸಭೆಯಲ್ಲಿದ್ದವರೇ ಕೆಲವರು ಬಿಳಿಯರ ಪಾತ್ರ, ಕೆಲವರು ಕಪ್ಪು ಪ್ರಯಾಣಿಕರ ಪಾತ್ರ ವಹಿಸಿದರು. ಪಾತ್ರದಲ್ಲಿ ಎಷ್ಟು ಮುಳುಗುತ್ತಿದ್ದರೆಂದರೆ, ಕೆಲವೊಮ್ಮೆ ಅಹಿಂಸೆಯ ಪಾತ್ರಧಾರಿಯೇ ಮೈಮರೆತು ತಿರುಗಿ ಬಾರಿಸಿಬಿಡುತ್ತಿದ್ದ. ಇದನ್ನು ಕಿಂಗ್ ಅವರೇ ಬರೆದಿಟ್ಟಿದ್ದಾರೆ. ಹಾಗಾದಾಗ ತಡೆದು, ತಿಳಿಹೇಳಿ, ಮತ್ತೆ ಅಭ್ಯಾಸ ಮಾಡಿಸುತ್ತಿದ್ದರು.

ಆ ಪಾತ್ರಧಾರಿ ಯಾರೋ, ಅವನ ಬಗ್ಗೆ ನನಗೆ ತುಂಬ ಪ್ರೀತಿ. ನಿಜವಾದ ಬಸ್ಸಿಲ್ಲ, ನಿಜವಾದ ಬಿಳಿಯನಿಲ್ಲ, ಎದುರಿಗಿರುವವನು ತನ್ನ ನೆರೆಯವನೇ. ಆದರೂ ಬೈಗುಳ ಕಿವಿಗೆ ಬಿದ್ದೊಡನೆ ತಲೆಮಾರುಗಳ ನೋವು ಕೈಗೆ ಇಳಿದು ಬರುತ್ತದೆ. ಅಂಥವನೇ ಮತ್ತೆ ಆ ಕುರ್ಚಿಯಲ್ಲಿ ಹೋಗಿ ಕೂರುತ್ತಾನೆ.

ಈ ತಾಲೀಮನ್ನು ಇನ್ನೂ ಕಟ್ಟುನಿಟ್ಟಾಗಿ ನಡೆಸಿದವರು ಜೇಮ್ಸ್ ಲಾಸನ್. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಹೋದ ಪಾದ್ರಿ. ನ್ಯಾಶ್‌ವಿಲ್‌ನ ಚರ್ಚೊಂದರಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ ಮುಖಕ್ಕೆ ಹೊಗೆ ಬಿಡುವುದು, ಕುರ್ಚಿಯಿಂದ ಎಳೆದು ಬೀಳಿಸುವುದು, ಕೇಳಬಾರದ ಮಾತು ಕೇಳಿಸುವುದು ಎಲ್ಲವನ್ನೂ ಮಾಡಿಸಿದರು. ಬಿದ್ದಾಗ ತಲೆ ಕಾಪಾಡಿಕೊಳ್ಳುವುದು ಹೇಗೆ ಎಂದೂ ಕಲಿಸಿದರು. 1960ರ ಫೆಬ್ರವರಿಯಲ್ಲಿ ಆ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಲಂಚ್ ಕೌಂಟರ್‌ಗಳಲ್ಲಿ ಹೋಗಿ ಕೂತರು. ಹೊಡೆತ ತಿಂದರು, ಜೈಲಿಗೆ ಹೋದರು. ಏಪ್ರಿಲ್ 19ರಂದು ಅವರ ವಕೀಲರಾಗಿದ್ದ ಅಲೆಕ್ಸಾಂಡರ್ ಲೂಬಿ ಅವರ ಮನೆಗೆ ಬಾಂಬ್ ಬಿತ್ತು. ಅದೇ ದಿನ ಸಾವಿರಾರು ಜನ ಮೌನವಾಗಿ ನಗರಸಭೆಯ ಕಡೆ ನಡೆದರು. ಅಲ್ಲಿ ಆ ವಿದ್ಯಾರ್ಥಿಗಳಲ್ಲಿ ಒಬ್ಬಳಾದ 21 ವರ್ಷದ ಡಯಾನ್ ನ್ಯಾಶ್ ಮೇಯರ್ ಬೆನ್ ವೆಸ್ಟ್ ಅವರನ್ನು ನೇರವಾಗಿ ಕೇಳಿದಳು: ಬಣ್ಣದ ಕಾರಣಕ್ಕೆ ಮನುಷ್ಯರಲ್ಲಿ ಭೇದ ಮಾಡುವುದು ತಪ್ಪೆಂದು ನಿಮಗೆ ಅನಿಸುವುದಿಲ್ಲವೇ? ಮೇಯರ್ ತಪ್ಪೆಂದು ಒಪ್ಪಿಕೊಂಡರು. ಮೇ 10ಕ್ಕೆ ಕೌಂಟರ್‌ಗಳು ಎಲ್ಲರಿಗೂ ತೆರೆದವು.

ಡಯಾನ್ ಕೇಳಿದ ಪ್ರಶ್ನೆಯಲ್ಲಿ ನನಗೆ ಕಿಂಗ್ ಅವರ ಇಡೀ ತತ್ವ ಕಾಣುತ್ತದೆ. ಅವಳು ಕೇಳಿದ್ದು ಮೇಯರ್ ಕುರ್ಚಿಯನ್ನಲ್ಲ, ಅದರಲ್ಲಿ ಕೂತಿದ್ದ ಮನುಷ್ಯನನ್ನು. ಸರಿ ತಪ್ಪು ತಿಳಿಯಬಲ್ಲ, ಬದಲಾಗಬಲ್ಲ ಜೀವವೊಂದು ಅಲ್ಲಿದೆ ಎಂದು ನಂಬಿ ಕೇಳಿದಳು. ಕಪ್ಪು ಜನರನ್ನು ಯಾವ ಸಮಾನತೆಯಿಂದ ದೂರ ಇಟ್ಟಿದ್ದರೋ ಆ ಸಮಾನತೆಯನ್ನು ಅವರು ಬಿಳಿಯರಿಗೆ ಮುಂಗಡವಾಗಿಯೇ ಕೊಟ್ಟುಬಿಟ್ಟರು. ಸಮಾನತೆ ಕಾನೂನಿನಿಂದ ಬರುವವರೆಗೆ ಅವರು ಕಾಯಲಿಲ್ಲ. ಹೊಡೆಯುವವನ ಕಣ್ಣಿಗೆ ಕಣ್ಣು ಕೊಟ್ಟು ನಿಂತ ಗಳಿಗೆಯಲ್ಲೇ ಅದನ್ನು ಬದುಕತೊಡಗಿದ್ದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಚಳವಳಿಗೆ ಸೇರುವವರು ಸಹಿ ಹಾಕಬೇಕಿದ್ದ ಪ್ರತಿಜ್ಞಾಪತ್ರ ಮುಷ್ಟಿಯ ಹಿಂಸೆಯನ್ನಷ್ಟೇ ನಿಷೇಧಿಸಲಿಲ್ಲ, ನಾಲಿಗೆಯ ಮತ್ತು ಎದೆಯೊಳಗಿನ ಹಿಂಸೆಯನ್ನೂ ನಿಷೇಧಿಸಿತ್ತು. ನಮ್ಮ ಹಿರಿಯರು ಕಾಯಾ ವಾಚಾ ಮನಸಾ ಎಂದು ಕೇಳುತ್ತಿದ್ದುದೂ ಇಷ್ಟನ್ನೇ.

ಇದೆಲ್ಲ ಎಷ್ಟು ದೊಡ್ಡ ಬೇಡಿಕೆ ಎಂದು ನೆನೆದಾಗ ನನ್ನ ವಿಸ್ಮಯದೊಳಗೆ ಸಂಕಟವೂ ಸೇರುತ್ತದೆ. ಪೆಟ್ಟು ತಿಂದವನೇ ಪೆಟ್ಟು ಕೊಟ್ಟವನ ಆತ್ಮವನ್ನೂ ಹೊರಬೇಕೇ? ಕಪ್ಪು ಜನರ ಇನ್ನೊಬ್ಬ ನಾಯಕ ಮಾಲ್ಕಮ್ ಎಕ್ಸ್ ಇದನ್ನೇ ಸಿಟ್ಟಿನಿಂದ ಕೇಳಿದರು, ಆ ಸಿಟ್ಟು ನ್ಯಾಯವಾದದ್ದೇ. ಕಿಂಗ್ ತಮ್ಮಿಂದ ಮತ್ತು ತಮ್ಮೊಡನೆ ಸ್ವಇಚ್ಛೆಯಿಂದ ಬಂದವರಿಂದ ಇದನ್ನು ಕೇಳಿದರು. ದಡದಲ್ಲಿ ನಿಂತ ನಾವು ಇನ್ನೊಬ್ಬ ನೊಂದವನಿಂದ ಅದನ್ನು ಕೇಳುವ ಹಕ್ಕು ಪಡೆದಿಲ್ಲ.

ಆ ಗುದ್ದು ಬಿದ್ದು ಒಂದು ವರ್ಷ ತುಂಬುವ ಮೊದಲೇ, 1963ರ ಸೆಪ್ಟೆಂಬರ್ 15ರ ಭಾನುವಾರ, ಅದೇ ಬರ್ಮಿಂಗ್‌ಹ್ಯಾಮ್‌ನ ಹದಿನಾರನೇ ಬೀದಿಯ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಮೂರು ದಿನದ ನಂತರ ಮೂವರ ಅಂತ್ಯಕ್ರಿಯೆಯಲ್ಲಿ ಕಿಂಗ್ ಮಾತನಾಡಿದರು. ಬಿಳಿಯ ಸೋದರರ ಮೇಲಿನ ನಂಬಿಕೆ ಕಳೆದುಕೊಳ್ಳಬಾರದು ಎಂದರು. ಆ ಮಾತನ್ನು ಓದುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ, ಒಪ್ಪಿಗೆಯಿಂದಲೋ ಪ್ರತಿಭಟನೆಯಿಂದಲೋ ಹೇಳಲಾರೆ. ನಾಲ್ಕನೆಯ ಹುಡುಗಿಯ ಮನೆಯವರು ಬೇರೆಯಾಗಿ ಅಂತ್ಯಕ್ರಿಯೆ ಮಾಡಿದ್ದರು. ಬಾಂಬ್ ಇಟ್ಟವರಲ್ಲಿ ಒಬ್ಬನಿಗೆ ಶಿಕ್ಷೆಯಾದದ್ದು 1977ರಲ್ಲಿ, ಮತ್ತಿಬ್ಬರಿಗೆ 2001 ಮತ್ತು 2002ರಲ್ಲಿ.

ಸುದ್ದಿ ಕೇಳಿದ ಆ ಭಾನುವಾರ ಡಯಾನ್ ನ್ಯಾಶ್ ಮತ್ತು ಆಕೆಯ ಗಂಡ ಜೇಮ್ಸ್ ಬೆವೆಲ್ ಎರಡು ದಾರಿಗಳನ್ನು ಮುಂದಿಟ್ಟುಕೊಂಡು ಕೂತರು. ಮುಂದೆ ಆಕೆಯೇ ಇದನ್ನು ಬಚ್ಚಿಡದೆ ಹೇಳಿದ್ದಾಳೆ. ಕೊಂದವರು ಯಾರೆಂದು ಪತ್ತೆಹಚ್ಚಿ ಅವರು ಸಾಯುವಂತೆ ನೋಡಿಕೊಳ್ಳುವುದು ಒಂದು ದಾರಿ. ಅಲಬಾಮಾದ ಪ್ರತಿಯೊಬ್ಬ ಕಪ್ಪು ವಯಸ್ಕನಿಗೂ ಮತದ ಹಕ್ಕು ಸಿಗುವವರೆಗೆ ಹೋರಾಡುವುದು ಇನ್ನೊಂದು. ಲಾಸನ್ ಅವರ ಬಳಿ ಕಲಿತವಳು, ಬೈಗುಳ ಸಹಿಸಿ ಕೂತವಳು, ಮೇಯರ್‌ನ ಆತ್ಮಸಾಕ್ಷಿಯನ್ನು ನಂಬಿ ಪ್ರಶ್ನೆ ಕೇಳಿದವಳು. ಆಕೆಯ ಮನಸ್ಸಿನಲ್ಲೂ ಕೈ ಮೇಲೆದ್ದಿತ್ತು. ಇಬ್ಬರೂ ಎರಡನೆಯ ದಾರಿ ಆರಿಸಿಕೊಂಡು ಹೋರಾಟದ ಯೋಜನೆ ಬರೆಯಲು ಶುರುಮಾಡಿದರು. ಆಕೆ ಅದನ್ನು ಒಯ್ದು ಕೊಟ್ಟಾಗ ಕಿಂಗ್ ಬಳಗ ಮೊದಲಿಗೆ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಆಕೆ ಬಿಡಲಿಲ್ಲ. 1965ರಲ್ಲಿ ಅಲಬಾಮಾದ ಸೆಲ್ಮಾ ಪಟ್ಟಣದ ರಸ್ತೆಗಿಳಿದ ಚಳವಳಿಗೆ ಅದೇ ಯೋಜನೆ ಬುನಾದಿಯಾಯಿತು. ಅದೇ ವರ್ಷದ ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕಿನ ಕಾಯಿದೆಗೆ ಸಹಿ ಹಾಕಿದರು.