ಗ್ರಂಥಸ್ವಾಮ್ಯ ಮೀಮಾಂಸೆ

ಹಳೆಯ ಪುಸ್ತಕದ ಮೊದಲ ಹಾಳೆಯಲ್ಲಿ ಕಾಣುವ ಸಹಿ, ಮೊಹರು, ಬಹುಮಾನದ ಚೀಟಿ, ಗ್ರಂಥಾಲಯದ ನಂಬರು ಪುಸ್ತಕಕ್ಕೆ ಸೇರಿದವೋ, ಅದರ ಮೇಲೆ ಕೂತ ಕೊಳೆಯೋ? ಸೇರಿದವು, ಪಠ್ಯದಷ್ಟೇ ಜೋಪಾನಕ್ಕೆ ಯೋಗ್ಯ ಎಂಬುದು ಇಲ್ಲಿನ ಸಿದ್ಧಾಂತ.

ಈ ವಿಚಾರಕ್ಕೆ ಮಂಗಳೂರು ತಕ್ಕ ಊರು. ಬಾಸೆಲ್ ಮಿಶನ್ ಇಲ್ಲಿ ಅಚ್ಚುಕೂಟ ತೆರೆದದ್ದು 1841ರಲ್ಲಿ. ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. 1894ರಲ್ಲಿ ಕಿಟೆಲ್ ನಿಘಂಟು ಇಲ್ಲಿಂದಲೇ ಹೊರಬಂತು. ಆ ಕಾಲದ ಮುದ್ರಣಗಳು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿವೆ, ಅವು ಸುರಕ್ಷಿತ. ಚಿಂತೆಯಿರುವುದು ಮನೆಗಳ ಕಪಾಟಿನ ಬಗ್ಗೆ. ಹಂಚಿನ ಮನೆ ಕೆಡವಿ ಫ್ಲಾಟು ಕಟ್ಟುವಾಗ ಪುಸ್ತಕಗಳು ಗುಜರಿಗೆ ಹೋಗುತ್ತವೆ.

ಪೂರ್ವಪಕ್ಷಿ ಕೇಳಬಹುದು: ಕಿಟೆಲ್ ನಿಘಂಟು ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿದೆ, ಯಾರ ಮನೆಯ ಪ್ರತಿಯಾದರೇನು, ಒಳಗಿನ ಶಬ್ದಾರ್ಥ ಒಂದೇ ತಾನೆ? ಶಬ್ದಾರ್ಥ ಒಂದೇ, ಒಪ್ಪಿದೆ. ಆದರೆ ಆ ನಿಘಂಟಿನ ಒಂದು ಪ್ರತಿಯಲ್ಲಿ ಕಂದಾಗಿಹೋದ ಶಾಯಿಯ ವಕೀಲರ ಸಹಿ, ಅದರ ಕೆಳಗೆ ಶಾಲೆಯೊಂದರ ನೇರಳೆ ಮೊಹರು, ಒಳಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತುಳು ಪದಗಳು ಇವೆ ಎಂದಿಟ್ಟುಕೊಳ್ಳಿ. ತುಳು ಬರೆದವರು ವಕೀಲರೋ, ಆ ಶಾಲೆಯ ಮೇಷ್ಟರೋ? ಸಹಿಯ ಅಕ್ಷರವನ್ನು ಅಂಚಿನ ಅಕ್ಷರದ ಜೊತೆ ಹೋಲಿಸಿ ನೋಡಬಹುದು. ಬೈಂಡರು ಮೊದಲ ಹಾಳೆ ಕಿತ್ತು, ಅಂಚು ಸಮ ಮಾಡಿ ಹೊಸ ರಟ್ಟು ಹಾಕಿದರೆ ಸಹಿಯೂ ಹೋಯಿತು, ತುಳುವೂ ಅರ್ಧ ಹೋಯಿತು. ಪಠ್ಯ ಹಾಳಾದರೆ ಇನ್ನೊಂದು ಪ್ರತಿ ನೋಡಿ ತುಂಬಿಕೊಳ್ಳಬಹುದು; ಇದನ್ನು ತುಂಬಿಕೊಡುವ ಪ್ರತಿ ಎಲ್ಲಿಯೂ ಇಲ್ಲ.

ಓಲೆಗರಿಯ ಕಾಲದವರು ಇಂಥ ಗುರುತಿನ ಬೆಲೆ ಬಲ್ಲವರು. ಬರೆದವರು ಯಾರು, ಬರೆಸಿದವರು ಯಾರು, ಯಾರಿಗೆ ದಾನ ಕೊಟ್ಟದ್ದು ಎಂದು ಕೊನೆಯ ಗರಿಯಲ್ಲಿ ಅನೇಕರು ನಮೂದಿಸುತ್ತಿದ್ದರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಕವಿಯ ಹೆಸರಿನ ಜೊತೆಯಲ್ಲೇ ಉಳಿದಿದೆ.

ಹೆಸರಿದ್ದ ಮಾತ್ರಕ್ಕೆ ಓದಿದರು ಎನ್ನಲಾದೀತೇ ಎಂಬುದು ಎರಡನೆಯ ಆಕ್ಷೇಪ. ಇದು ನ್ಯಾಯವಾದದ್ದು. ಬಿಡಿಸದೆ ಅಂಟಿಕೊಂಡೇ ಉಳಿದ ಪುಟಗಳ ಪುಸ್ತಕದಲ್ಲೂ ಠೀವಿಯ ಸಹಿ ಇರುತ್ತದೆ. ಆದ್ದರಿಂದಲೇ ಬಿಡಿ ಪುಸ್ತಕಕ್ಕಿಂತ ಇಡೀ ಸಂಗ್ರಹ ಮುಖ್ಯ. ಗೋವಿಂದ ಪೈ ಅವರನ್ನೇ ನೋಡಿ. 1883ರಲ್ಲಿ ಹುಟ್ಟಿದ ಅವರು ಬಾಳಿದ್ದು ಮಂಜೇಶ್ವರದಲ್ಲಿ. 1956ರಲ್ಲಿ ಆ ಊರು ಕೇರಳಕ್ಕೆ ಸೇರಿತು. 1963ರಲ್ಲಿ ಅವರು ತೀರಿಕೊಂಡ ಮೇಲೆ ಪುಸ್ತಕಗಳು ಉಡುಪಿಯ ಎಂಜಿಎಂ ಕಾಲೇಜಿಗೆ ಬಂದವು. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಬರೆದ ಕವಿಯ ಕಪಾಟಿನಲ್ಲಿ ಏನೇನಿತ್ತು ಎಂದು ಕೇಳುವ ವಿದ್ಯಾರ್ಥಿಗೆ ಅಲ್ಲಿ ದಾರಿಯಿದೆ. ಅದೇ ಪುಸ್ತಕಗಳು ವಿಷಯವಾರು ವಿಂಗಡಣೆಯಾಗಿ ಹತ್ತು ಗ್ರಂಥಾಲಯಗಳಿಗೆ ಹಂಚಿಹೋಗಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇದೆಲ್ಲ ಉಳ್ಳವರ ಚರಿತ್ರೆ ಎನ್ನುವವರೂ ಇದ್ದಾರೆ. ಬಹುಪಾಲು ಹೌದು. ಆದರೆ ಅದನ್ನು ತೋರಿಸುವುದಕ್ಕೂ ಈ ಹೆಸರುಗಳೇ ಬೇಕು. ಶಾಲೆಯ ಬಹುಮಾನದ ಚೀಟಿಯಲ್ಲಿ ಆಗಾಗ ಉಳ್ಳವರಲ್ಲದವರ ಮಕ್ಕಳೂ ಸಿಗುತ್ತಾರೆ.

ಕೊನೆಯ ಆಕ್ಷೇಪ ಮುಜುಗರದ್ದು. ಕೊಂಡ ಹಳೆಯ ಪುಸ್ತಕದಲ್ಲಿ ಸಂಸ್ಥೆಯ ಮೊಹರಿದೆ, ಗ್ರಂಥಾಲಯದಿಂದ ತೆಗೆದುಹಾಕಿದ್ದೆಂಬ ‘ರದ್ದು’ ಮುದ್ರೆಯಿಲ್ಲ. ಜಾಡು ಹಿಡಿದರೆ ಕಳವು ಬಯಲಾಗಿ ಯಾರದೋ ಮಾನ ಹೋದೀತು. ಹಾಗೆಂದು ಮೊಹರು ಕೆರೆದರೆ ಅನುಮಾನ ಹೆಚ್ಚುವುದೇ ಹೊರತು ಕಡಿಮೆಯಾಗದು. ನಾಜಿಗಳು ಯಹೂದಿಗಳಿಂದ ಕಸಿದ ಪುಸ್ತಕಗಳನ್ನು ಬರ್ಲಿನ್ನಿನ ಗ್ರಂಥಾಲಯಗಳು ಇಂದಿಗೂ ವಾರಸುದಾರರಿಗೆ ಮರಳಿಸುತ್ತಿರುವುದು ಇಂಥ ಸಹಿ, ಮೊಹರುಗಳ ಬಲದಿಂದಲೇ. ನಮ್ಮಲ್ಲಿ ಪುಸ್ತಕ ಕೊಂಡವರು ಮೊಹರಿನ ಸಂಸ್ಥೆಗೆ ಒಂದು ಪತ್ರ ಬರೆಯಲಿ. ಬೇಕೆಂದರೆ ಮರಳಿಸಲಿ, ಬೇಡವೆಂದರೆ ಆ ಉತ್ತರವನ್ನೇ ರಟ್ಟಿನೊಳಗೆ ಇಟ್ಟುಕೊಳ್ಳಲಿ.