ಯೀಸ್ಟಿಗೂ ಪೂರ್ವವಾಸನೆ ಉಂಟೇ?

ಚಿತ್ತವಾಡ್ಗಿಯ ಬೆಲ್ಲದ ಗಾಣಗಳಲ್ಲಿ ಹಿಂಡಿದ ಕಬ್ಬಿನ ಹಾಲನ್ನು ಹೊತ್ತುಗಟ್ಟಲೆ ಇಡುವವರಿಲ್ಲ. ಇಟ್ಟರೆ ಹುಳಿ ಹತ್ತುತ್ತದೆ. ಆ ಹಾಲಿಗೆ ಇಳಿಯುವ ಜೀವಿಗಳಲ್ಲಿ ಯೀಸ್ಟೂ ಒಂದು. ಸುತ್ತಲಿನ ಸಕ್ಕರೆ ಅದರ ಮೈನೀರನ್ನು ಹೀರುತ್ತದೆ, ತಾನೇ ಮಾಡಿದ ಮದ್ಯಸಾರ ತನ್ನ ಪೊರೆಯನ್ನೇ ಕೆಡಿಸುತ್ತದೆ. ಆದರೂ ಅದು ತಾಳಿಕೊಳ್ಳುತ್ತದೆ.

ಹೇಗೆಂದು ತಿಳಿಯಲು ಅದರ ಜೀನುಗಳತ್ತ ನೋಡಬೇಕು. ಯೀಸ್ಟಿನ 16 ವರ್ಣತಂತುಗಳಲ್ಲಿ ಸುಮಾರು 6,000 ಜೀನುಗಳಿವೆ. ರೀಲಿಗೆ ದಾರ ಸುತ್ತಿದಂತೆ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಈ ಕಟ್ಟೇ ಕ್ರೊಮ್ಯಾಟಿನ್. ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿದರೆ ಸುತ್ತು ಸಡಿಲ, ಕಳಚಿದರೆ ಬಿಗಿ. ವಿಜ್ಞಾನಿ ವಿನ್ಸೆಂಟ್ ಆಲ್‌ಫ್ರೇ 1964ರಲ್ಲೇ ಇದಕ್ಕೂ ಜೀನುಗಳ ಕೆಲಸಕ್ಕೂ ನಂಟು ಕಂಡಿದ್ದರು. ಜೀನುಗಳನ್ನು ಎಬ್ಬಿಸುವ ಯೀಸ್ಟಿನ ಜಿಸಿಎನ್-5 ಪ್ರೋಟೀನೇ ಅಸಿಟೈಲ್ ಅಂಟಿಸುವ ಕಿಣ್ವ ಎಂದು 1996ರಲ್ಲಿ ಡೇವಿಡ್ ಆಲಿಸ್ ತಂಡ ತೋರಿಸಿತು. ಸಕ್ಕರೆಯಂತೆಯೇ ಮೈನೀರು ಹೀರುವ ಉಪ್ಪು ಕಾಡಿದಾಗ ಮಾತ್ರ ಲೆಕ್ಕ ತಿರುವುಮುರುವು: ಹಾಗ್-1 ಎಂಬ ಕಿಣ್ವ, ಅಸಿಟೈಲ್ ಕಳಚುವ ಆರ್‌ಪಿಡಿ-3ಯನ್ನು ಕೆಲವು ಜೀನುಗಳ ಬಳಿಗೆ ಕರೆತರುತ್ತದೆ, ಅವು ಎಚ್ಚರಗೊಳ್ಳುತ್ತವೆ.

ಕಷ್ಟ ಕ್ರೊಮ್ಯಾಟಿನ್ನಿನ ಮೇಲೆ ಗುರುತು ಮೂಡಿಸುತ್ತದೆಂದು ಕೇಳಿದ ಕೂಡಲೇ, ಹಿಂದಿನ ಅನುಭವಗಳು ಉಳಿಸಿಹೋಗುವ ಸಂಸ್ಕಾರ, ಪೂರ್ವವಾಸನೆಗಳಿಗೆ ವಿಜ್ಞಾನದ ಮುದ್ರೆ ಬಿತ್ತೆಂದು ಹಿಗ್ಗುವವರುಂಟು. ಆತುರ ಅದು.

ಚಿತ್ತವಾಡ್ಗಿಯಿಂದ ತುಸು ದೂರದ ಹಂಪಿಯೊಡನೆ ಹೆಸರು ಬೆಸೆದುಕೊಂಡ 14ನೇ ಶತಮಾನದ ವಿದ್ಯಾರಣ್ಯರು ‘ಜೀವನ್ಮುಕ್ತಿವಿವೇಕ’ದಲ್ಲಿ ವಾಸನೆಗಳನ್ನು ಕ್ಷಯಗೊಳಿಸುವ ಬಗೆಯನ್ನು ವಿಸ್ತರಿಸಿದ್ದಾರೆ. ಪ್ರಾರಬ್ಧ ಬಲವಾದದ್ದೇ, ಯೋಗಾಭ್ಯಾಸ ಅದಕ್ಕಿಂತ ಬಲವಾದದ್ದು ಎಂಬುದು ಅವರ ವಾದ. ಅವರ ವಾಸನೆಗೆ ಮನಸ್ಸು ಬೇಕು, ಅಂಟಿಕೊಳ್ಳುವ ಚಪಲ ಬೇಕು, ಬಿಡಿಸಿಕೊಳ್ಳುವ ಹಟವೂ ಬೇಕು. ಯೀಸ್ಟಿಗೆ ಈ ಮೂರೂ ಇಲ್ಲ. ಅದು ಅಲುಗಾಡಿಸುವುದು ಬೇರೊಂದು ನಂಬಿಕೆಯನ್ನು. ಎಲ್ಲ ಹಣೆಬರಹ ಎನ್ನುವ ಅಜ್ಜ, ಎಲ್ಲ ಜೀನಿನಲ್ಲಿದೆ ಎನ್ನುವ ಮೊಮ್ಮಗ, ಇಬ್ಬರೂ ಬರಹವನ್ನಷ್ಟೇ ನೋಡುತ್ತಾರೆ. ಯೀಸ್ಟಿನಲ್ಲಿ ಡಿಎನ್‌ಎಯ ಒಂದಕ್ಷರವೂ ಬದಲಾಗದೆ, ಎದುರಿಗಿರುವ ಉಪ್ಪಿಗೆ ತಕ್ಕಂತೆ ಓದು ಬದಲಾಗುತ್ತದೆ.

ಕಷ್ಟದ ನೆನಪು ಮಕ್ಕಳಿಗೂ ದಾಟುತ್ತದೆಯೇ? ವಿಜ್ಞಾನಿ ಆಡ್ರಿ ಗ್ಯಾಶ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಮ್ಮೆ ಉಪ್ಪುಂಡ ಕೋಶಗಳು ಉಪ್ಪು ತೆಗೆದ ಮೇಲೂ ಕೆಲವು ಪೀಳಿಗೆಯವರೆಗೆ ಹೈಡ್ರೊಜನ್ ಪೆರಾಕ್ಸೈಡನ್ನು ತಾಳಿಕೊಂಡವು. ಕ್ರೊಮ್ಯಾಟಿನ್ನಿನ ಗುರುತೇ ಕಾರಣವೆಂದು ಹೇಳಲು ನಾಲಿಗೆ ತುರಿಸುತ್ತದೆ. ಆದರೆ ಎದ್ದು ಕಂಡದ್ದು ತಾಯಿಕೋಶ ಮೊದಲೇ ಮಾಡಿಟ್ಟಿದ್ದ, ಆ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಎಂಬ ಪ್ರೋಟೀನು. ಶಾಸ್ತ್ರದ ಕರ್ಮ ಅದನ್ನು ಮಾಡಿದ ಜೀವದ ಬೆನ್ನು ಹತ್ತುತ್ತದೆ, ಸಾಮಾನ್ಯವಾಗಿ ಮಗಳಿಗೆ ಹಂಚುವಂಥದ್ದಲ್ಲ. ಯೀಸ್ಟು ಮಗಳಿಗೆ ಕೊಡುವುದು ಪಾಲನ್ನೇ. ವಿಭಜನೆಯಾದಂತೆಲ್ಲ ಆ ಪಾಲು ತೆಳುವಾಗುತ್ತ ಹೋಗುತ್ತದೆ.